ವಿಮಾನ ನಿಲ್ದಾಣದ ಟವರ್‌ನಲ್ಲಿ ‘ಕೋಆರ್ಡಿನೇಟರ್’ ಆದವರು ನಿಜವಾಗಿ ಮಾಡುವ ಕೆಲಸವೇನು?

ಬೈತಖೋಲದವಳು

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಈ ವರ್ಷ ಭೌತಶಾಸ್ತ್ರ ಮತ್ತು ಗಣಿತ ಓದಿ ಬಿ.ಎಸ್ಸಿ. ಮುಗಿಸಿದ್ದೇನೆ. ಅಪ್ಪ ಬೈತಖೋಲದಿಂದ ಪರ್ಸೀನ್ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವರು. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ವಿಮಾನ ಹತ್ತಿದವರಿಲ್ಲ. ಹತ್ತಿರದಿಂದ ನೋಡಿದ ವಿಮಾನವೆಂದರೆ ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಬಳಿ ತಂದು ನಿಲ್ಲಿಸಿರುವ ಟುಪೊಲೆವ್ ಒಂದೇ, ಅದೂ ಹಾರುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಓದಿದ ಹಿರಿಯ ವಿದ್ಯಾರ್ಥಿಯೊಬ್ಬರು ವಾಯು ಸಂಚಾರ ನಿಯಂತ್ರಣದ ಕೆಲಸಕ್ಕೆ ಸೇರಿದ್ದಾರೆ. ಕಳೆದ ತಿಂಗಳು ಊರಿಗೆ ಬಂದಾಗ, ತಾವು ಸದ್ಯ ಟವರ್‌ನಲ್ಲಿ ಕೋಆರ್ಡಿನೇಟರ್ ಆಗಿ ಕೂರುತ್ತಿರುವುದಾಗಿಯೂ ಪೈಲಟ್‌ಗಳೊಂದಿಗೆ ಮಾತನಾಡುವವರು ಪಕ್ಕದ ಕುರ್ಚಿಯವರೆಂದೂ ಹೇಳಿದರು. ಅದನ್ನು ಕೇಳಿದ ಅಪ್ಪ, ‘ವಿಮಾನದವರ ಜೊತೆ ಮಾತೇ ಇಲ್ಲದ ಮೇಲೆ ಅಷ್ಟೆತ್ತರ ಹತ್ತಿ ಕೂತು ಮಾಡುವುದೇನು?’ ಎಂದರು. ನನಗೂ ಉತ್ತರ ಗೊತ್ತಿರಲಿಲ್ಲ. ಇದು ಬೇರೆಯೇ ಹುದ್ದೆಯೇ, ಇದಕ್ಕೆ ಪ್ರತ್ಯೇಕ ಪರೀಕ್ಷೆ ಇದೆಯೇ, ಪದವಿಯವರೆಗೂ ಕನ್ನಡದಲ್ಲೇ ಯೋಚಿಸಿಕೊಂಡು ಬಂದ ನನ್ನಂಥವಳಿಗೆ ಇದು ಸಾಧ್ಯವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಅಂಕೋಲಾದಲ್ಲಿ ವಿಮಾನ ನಿಲ್ದಾಣ ಬಂದರೆ ಊರ ಹತ್ತಿರವೇ ಕೆಲಸ ಸಿಗಬಹುದೇ ಎಂಬ ಆಸೆಯೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಸಿದ್ದಾಪುರದ ತೋಟದಿಂದ

ತಂಗಿ, ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ಮಾಡಿ, ಈಗ ಊರಿಗೆ ಬಂದು ಅಡಿಕೆ ನೋಡಿಕೊಂಡಿರುವವನು. ನಿನ್ನ ಅಪ್ಪನ ಪ್ರಶ್ನೆ ನನಗೆ ಬಹಳ ಹಿಡಿಸಿತು; ನನ್ನ ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು.

ಮೊದಲಿಗೆ, ಅದು ಹುದ್ದೆಯ ಹೆಸರಲ್ಲ, ಕುರ್ಚಿಯ ಹೆಸರು. ನಮ್ಮಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ನೇಮಿಸಿಕೊಳ್ಳುವುದು ವಾಯು ಸಂಚಾರ ನಿಯಂತ್ರಣ ವಿಭಾಗದ ಜೂನಿಯರ್ ಎಕ್ಸಿಕ್ಯುಟಿವ್‌ಗಳನ್ನು. ಅವರು ಟವರ್‌ಗೆ ಬಂದ ಮೇಲೆ ಸರದಿಯಂತೆ ಬೇರೆ ಬೇರೆ ಕುರ್ಚಿಗಳಲ್ಲಿ ಕೂರುತ್ತಾರೆ. ರನ್‌ವೇ ಮತ್ತು ಅದರ ಸುತ್ತಲಿನ ಆಕಾಶವನ್ನು ನೋಡಿಕೊಂಡು ಇಳಿಯಲು, ಏರಲು ಅನುಮತಿ ಕೊಡುವವರು ಏರೋಡ್ರೋಮ್ ನಿಯಂತ್ರಕರು. ದೊಡ್ಡ ನಿಲ್ದಾಣವಾದರೆ ನೆಲದ ಮೇಲೆ ಓಡಾಡುವ ವಿಮಾನಗಳಿಗೆ ಇನ್ನೊಬ್ಬರಿರುತ್ತಾರೆ. ಇವರ ಬಗಲಿಗೆ ಹೆಡ್‌ಸೆಟ್ಟಿನ ಒಂದು ಕಿವಿಯನ್ನು ಪಕ್ಕಕ್ಕೆ ಸರಿಸಿ, ಎದುರಿಗೆ ಸಾಲಾಗಿ ಹಾಟ್‌ಲೈನ್ ಫೋನುಗಳನ್ನು ಇಟ್ಟುಕೊಂಡು, ಕೈಯಲ್ಲಿ ಪೆನ್ನು ಹಿಡಿದು ಕೂತವರೇ ಕೋಆರ್ಡಿನೇಟರ್.

ಒಂದು ವಿಮಾನ ಹೊರಡುವುದನ್ನೇ ನೋಡು. ಅದಕ್ಕೆ ಒಂದು ಸ್ಟ್ರಿಪ್ ಇರುತ್ತದೆ, ಎಂದರೆ ಒಂದು ಅಂಗುಲ ಅಗಲದ ಉದ್ದನೆಯ ಕಾಗದದ ಪಟ್ಟಿ. ಅದನ್ನು ಪ್ಲಾಸ್ಟಿಕ್ಕಿನ ಹಿಡಿಕೆಯಲ್ಲಿ ಕೂರಿಸಿ ಓರೆಯಾದ ಹಲಗೆಯ ಮೇಲೆ ಜೋಡಿಸುತ್ತೇವೆ. ಕರೆಹೆಸರು, ವಿಮಾನದ ಮಾದರಿ, ಹೋಗುವ ಊರು, ದಾರಿ, ಕೇಳಿದ ಎತ್ತರ, ಟ್ರಾನ್ಸ್‌ಪಾಂಡರಿನ ನಾಲ್ಕಂಕಿಯ ಸಂಖ್ಯೆ (ರೇಡಾರಿನಲ್ಲಿ ವಿಮಾನವನ್ನು ಗುರುತಿಸಲು), ಸಮಯ, ಇಷ್ಟೂ ಅದರಲ್ಲಿ ಇರಬೇಕು. ಪೈಲಟ್ ಹೊರಡಲು ಸಿದ್ಧ ಎಂದಾಗ, ಮುಂದಿನ ಆಕಾಶದ ಹೊಣೆ ಹೊತ್ತವರಿಗೆ ಫೋನು ಮಾಡಿ ದಾರಿಯನ್ನೂ ಎತ್ತರವನ್ನೂ ಒಪ್ಪಿಸಿಕೊಳ್ಳುವವರು ಕೋಆರ್ಡಿನೇಟರ್. ರನ್‌ವೇಯ ಅಂಚಿಗೆ ವಿಮಾನ ಬಂದಾಗ, ಅದನ್ನು ಬಿಡಬಹುದೇ ಎಂದು ನಿಲ್ದಾಣಕ್ಕೆ ಬರುವ, ಅಲ್ಲಿಂದ ಏರಿ ಹೋಗುವ ವಿಮಾನಗಳನ್ನು ನೋಡಿಕೊಳ್ಳುವ ಅಪ್ರೋಚ್ ಘಟಕವನ್ನು ಕೇಳುವವರೂ, ಚಕ್ರ ನೆಲ ಬಿಟ್ಟ ನಿಮಿಷವನ್ನು ಬರೆದು ಎಲ್ಲರಿಗೂ ತಿಳಿಸುವವರೂ ಅವರೇ. ವಾಯು ರಕ್ಷಣೆಯ ಅನುಮತಿ ಸಂಖ್ಯೆ ಬೇಕಾದ ವಿಮಾನಕ್ಕೆ ಅದು ಬಂದಿದೆಯೇ ಎಂದು ನೋಡುವುದೂ ಇದೇ ಕುರ್ಚಿಯ ಪಾಲು. ಆ ಅನುಮತಿಯನ್ನೂ (ಏರ್ ಡಿಫೆನ್ಸ್ ಕ್ಲಿಯರೆನ್ಸ್) ಎಡಿಸಿ ಎನ್ನುತ್ತಾರೆ, ಏರೋಡ್ರೋಮ್ ನಿಯಂತ್ರಣವನ್ನೂ ಎಡಿಸಿ ಎನ್ನುತ್ತಾರೆ. ಹೊಸಬರು ಮೊದಲ ವಾರ ಇದರಲ್ಲಿ ಎಡವದೇ ಇರುವುದಿಲ್ಲ.

ಇದನ್ನೆಲ್ಲ ಓದಿದರೆ ಗುಮಾಸ್ತಿಕೆ ಎನಿಸಬಹುದು. ನನಗೂ ಹಾಗೆ ಎನಿಸಿತ್ತು, ಒಂದು ಸಂಜೆಯವರೆಗೆ. ಪಶ್ಚಿಮ ಕರಾವಳಿಯ ಒಂದು ನಿಲ್ದಾಣ, ಹೆಸರು ಬೇಡ. ಆಗಷ್ಟೇ ಇಳಿದ ಪೈಲಟ್, ರನ್‌ವೇ ಮೇಲೆ ಹದ್ದೊಂದು ಸತ್ತು ಬಿದ್ದಂತೆ ಕಂಡಿತು ಎಂದ. ಅದನ್ನು ತೆಗೆಯಲು ತಪಾಸಣೆಯ ಜೀಪು ಒಳಗೆ ಹೋಗಲು ಕೇಳಿತು, ನಿಯಂತ್ರಕರು ಅನುಮತಿ ಕೊಟ್ಟು ನನ್ನ ಕಡೆ ಕೈ ತೋರಿಸಿದರು. ವಾಹನವೋ ಮನುಷ್ಯರೋ ರನ್‌ವೇ ಮೇಲೆ ಇರುವಷ್ಟು ಹೊತ್ತೂ ಸ್ಟ್ರಿಪ್ಪಿನ ಹಲಗೆಯ ಮೇಲೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ ಇರಬೇಕೆಂಬುದು ನಮ್ಮ ಕಟ್ಟಳೆ. ಆ ಪಟ್ಟಿ ನನ್ನ ಮೊಣಕೈಯ ಹತ್ತಿರವೇ ಇತ್ತು. ನಾನಾದರೋ ಅಪ್ರೋಚಿನವರು ಹೇಳುತ್ತಿದ್ದ ಮುಂದಿನ ವಿಮಾನದ ಸಮಯವನ್ನು ಬರೆದುಕೊಳ್ಳುತ್ತಿದ್ದೆ. ಈ ಒಂದು ಸಾಲು ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಪಾಳಿ ಬದಲಾಗಿ ಹೊಸ ನಿಯಂತ್ರಕರು ಬಂದು ಕೂತರು. ಹಲಗೆ ನೋಡಿದರು, ಕೆಂಪು ಇಲ್ಲ. ದುರ್ಬೀನು ಹಿಡಿದು ರನ್‌ವೇ ನೋಡಿದರು; ಆ ಹೊತ್ತಿಗೆ ಸೂರ್ಯ ಸರಿಯಾಗಿ ಪಡುವಣ ತುದಿಯಲ್ಲಿ ನಿಂತು ಕಣ್ಣು ಕುಕ್ಕುತ್ತಿದ್ದುದರಿಂದ ಜೀಪಿನ ಹಳದಿ ದೀಪ ಬೆಳಕಿನಲ್ಲೇ ಕರಗಿಹೋಗಿತ್ತು. ನಾಲ್ಕು ಮೈಲು ದೂರದಲ್ಲಿದ್ದ ವಿಮಾನಕ್ಕೆ ಇಳಿಯಬಹುದು ಎಂದುಬಿಟ್ಟರು. 140 ನಾಟ್, ಎಂದರೆ ಗಂಟೆಗೆ 140 ನಾಟಿಕಲ್ ಮೈಲು ವೇಗದಲ್ಲಿ ಬರುವ ವಿಮಾನಕ್ಕೆ ನಾಲ್ಕು ನಾಟಿಕಲ್ ಮೈಲು ಎಂದರೆ ಸುಮಾರು ನೂರು ಸೆಕೆಂಡಿನ ದಾರಿ. ಫೋನು ಇಟ್ಟು ಕೆಂಪು ಪಟ್ಟಿಗೆ ಕೈ ಹಾಕಿದಾಗ ಆ ಮಾತು ನನ್ನ ತೆರೆದ ಕಿವಿಗೆ ಬಿತ್ತು. ‘ಜೀಪು ಒಳಗಿದೆ’ ಎಂದು ಕೂಗಿದೆ. ವಿಮಾನವನ್ನು ಮೇಲೆತ್ತಿ ಮತ್ತೊಂದು ಸುತ್ತು ಕಳುಹಿಸಿದರು. ಒಳಗಿದ್ದ ಪ್ರಯಾಣಿಕರು ತಡವಾಯಿತೆಂದು ಗೊಣಗಿರಬೇಕು, ಅಷ್ಟೇ. ವರದಿ ಬರೆಯುವಾಗ ನನ್ನ ಕೈ ನಡುಗಿತ್ತು. ಅಂದಿನಿಂದ ನಿವೃತ್ತಿಯವರೆಗೆ ನನ್ನ ಕ್ರಮ ಒಂದೇ: ಪಟ್ಟಿ ಮೊದಲು, ಮಾತು ಆಮೇಲೆ, ಫೋನಿನ ಆ ತುದಿಯಲ್ಲಿ ಯಾರೇ ಇರಲಿ.

ಈಗ ನಿನ್ನ ಅಪ್ಪನಿಗೆ ಅವರದೇ ಭಾಷೆಯಲ್ಲಿ ಉತ್ತರ. ಬೋಟಿನ ವೈರ್‌ಲೆಸ್ಸಿನಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಜೋರಾದ ಸೆಟ್ಟಿನವನ ಮಾತಷ್ಟೇ ಕೇಳಿ ಇನ್ನೊಬ್ಬನದು ಮುಳುಗಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ವಿಮಾನದ ರೇಡಿಯೊ ಬೇರೆ ಬಗೆಯದು. ಅದರಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಕೀರಲು ಶಿಳ್ಳೆ ಕೇಳಿಸುತ್ತದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ, ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನ ಓಟ ಆರಂಭಿಸಿದಾಗ ‘ನಿಲ್ಲಿ, ನಾನು ಕರೆಯುತ್ತೇನೆ’ ಎಂದು ಟವರ್ ಹೇಳುತ್ತಿದ್ದ ಕ್ಷಣದಲ್ಲೇ, ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದು ಇನ್ನೊಂದು ವಿಮಾನವೂ ಹೇಳಿತು. ಓಡುತ್ತಿದ್ದವರಿಗೆ ಮುಖ್ಯ ಮಾತಿನ ಜಾಗದಲ್ಲಿ ಕೇಳಿಸಿದ್ದು ಆ ಶಿಳ್ಳೆ. ಅದಾದ ಮೇಲೆ ‘ಟೇಕ್‌ಆಫ್’ ಎಂಬ ಶಬ್ದವನ್ನು ನಿಜವಾಗಿ ಏರಲು ಬಿಡುವಾಗ ಅಥವಾ ಬಿಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕೆಂಬ ನಿಯಮ ಬಂತು; ಉಳಿದೆಲ್ಲ ಕಡೆ ‘ಡಿಪಾರ್ಚರ್’ ಎನ್ನುತ್ತೇವೆ. ರೇಡಿಯೊದಲ್ಲಿ ಒಬ್ಬರು ಮಾತನಾಡುವಾಗ ಎರಡನೆಯವರು ಸುಮ್ಮನೆ ಕೇಳಿಸಿಕೊಳ್ಳುತ್ತಿರಬೇಕು ಎಂಬುದಕ್ಕಾಗಿಯೇ ಆ ಇನ್ನೊಂದು ಕುರ್ಚಿ ಇರುವುದು. ಅಷ್ಟೆತ್ತರ ಹತ್ತಿ ಕೂತು ಮಾಡುವುದೇನೆಂದರೆ ಕೇಳಿಸಿಕೊಳ್ಳುವುದು, ಬರೆಯುವುದು, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಾಗಿದೆಯೇ ಎಂದು ನೋಡುವುದು.

ರಾತ್ರಿ ಪಾಳಿ

ಹಿರಿಯರು ಬರೆದದ್ದನ್ನು ಓದಿ ಸಂತೋಷವಾಯಿತು. ನಾನು ಈಗಲೂ ಸೇವೆಯಲ್ಲಿರುವವಳು, ತವರು ಹೊನ್ನಾವರ. ಒಂದೆರಡು ಕಡೆ ನನ್ನ ಅನುಭವ ಸ್ವಲ್ಪ ಬೇರೆ ಇದೆ.

ಕೆಲವು ಟವರ್‌ಗಳಲ್ಲಿ ಈಗ ಕಾಗದದ ಸ್ಟ್ರಿಪ್ ಹೋಗಿ ಪರದೆ ಬಂದಿದೆ. ಬರೆಯುವ ಶ್ರಮ ಉಳಿಯಿತು, ಅಕ್ಷರ ಓದಲಾಗದ ಸಂಕಟವೂ ತಪ್ಪಿತು. ಆದರೆ ಪರದೆಯಲ್ಲಿ ಬಂದದ್ದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ ಎಂಬ ಭ್ರಮೆ ಅದರ ಜೊತೆಗೇ ಬರುತ್ತದೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಇಳಿಯುತ್ತಿದ್ದ ಪ್ರಯಾಣಿಕರ ವಿಮಾನವು ರನ್‌ವೇ ಮೇಲೆ ನಿಂತಿದ್ದ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿಯಾಯಿತು. ದೊಡ್ಡ ವಿಮಾನದಲ್ಲಿದ್ದ 379 ಮಂದಿಯೂ ಬದುಕಿದರು, ಚಿಕ್ಕದರಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ರನ್‌ವೇಗೆ ಯಾರೋ ನುಗ್ಗಿದ್ದಾರೆಂದು ಎಚ್ಚರಿಸುವ ವ್ಯವಸ್ಥೆ ಅಲ್ಲಿನ ಪರದೆಯಲ್ಲಿ ಇತ್ತು. ಅದು ಕಣ್ಣಿಗೆ ಬೀಳಲಿಲ್ಲ. ಕೆಲವೇ ದಿನಗಳಲ್ಲಿ ಅವರು ಮಾಡಿದ್ದೇನೆಂದರೆ ಆ ಪರದೆಯನ್ನು ನೋಡುತ್ತಿರಲೆಂದೇ ಒಬ್ಬರನ್ನು ಕೂರಿಸಿದ್ದು. ಎಂದರೆ ಯಂತ್ರ ಎಷ್ಟೇ ಬಂದರೂ ಎರಡನೆಯ ಜೊತೆ ಕಣ್ಣು ಬೇಕೇ ಬೇಕು.

ಇನ್ನು ಮಳೆಗಾಲದ ವಿಷಯ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಮೂರು ತಿಂಗಳು ಕೋಆರ್ಡಿನೇಟರ್‌ಗೆ ಊಟದ ಡಬ್ಬಿ ತೆರೆಯಲು ಪುರುಸೊತ್ತಿರುವುದಿಲ್ಲ. ಹವಾಮಾನ ಕಚೇರಿಯಿಂದ ಅರ್ಧ ಗಂಟೆಗೊಮ್ಮೆ ವರದಿ ಬರುತ್ತದೆ, ಮಳೆ ಮೋಡ ಏಕಾಏಕಿ ಬದಲಾದರೆ ನಡುವೆ ವಿಶೇಷ ವರದಿಯೂ ಬರುತ್ತದೆ. ಎಲ್ಲವನ್ನೂ ತಡಮಾಡದೆ ಸಂಬಂಧಪಟ್ಟವರಿಗೆ ಮುಟ್ಟಿಸಬೇಕು. ಮಂಗಳೂರಿನಲ್ಲಿ ಮಳೆ ಪರದೆ ಕಟ್ಟಿತೆಂದರೆ ವಿಮಾನಗಳು ಬೇರೆ ಊರಿಗೆ ತಿರುಗಬೇಕಾಗುತ್ತದೆ. ಹೊರಗಿನವರು, ಪೈಲಟ್ ತಿರುಗಿಸಿದ, ವಿಮಾನ ಹೋಯಿತು ಎಂದುಕೊಳ್ಳುತ್ತಾರೆ. ಹೋಗುವ ಊರಿನಲ್ಲಿ ನಿಲ್ಲಿಸಲು ಜಾಗ ಇರಬೇಕಲ್ಲ? ಹುಬ್ಬಳ್ಳಿಗೆ ಕೇಳು, ಗೋವಾಕ್ಕೆ ಕೇಳು, ಬೆಂಗಳೂರಿಗೆ ಕೇಳು. ಒಂದು ಬೇ ಖಾಲಿ ಇದೆ ಎಂದವರು ಐದು ನಿಮಿಷದಲ್ಲಿ ಅದೂ ತುಂಬಿತು ಎನ್ನುತ್ತಾರೆ. ಮಾರಿಕಾಂಬಾ ಜಾತ್ರೆಯ ದಿನ ಶಿರಸಿಯಲ್ಲಿ ಕಾರು ನಿಲ್ಲಿಸಲು ಅಲೆದವರಿಗೆ ಇದು ಅರ್ಥವಾದೀತು, ಒಂದು ವ್ಯತ್ಯಾಸವೆಂದರೆ ಇಲ್ಲಿ ಕಾರು ಆಕಾಶದಲ್ಲಿ ಸುತ್ತುತ್ತಾ ಎಣ್ಣೆ ಸುಡುತ್ತಿರುತ್ತದೆ.

ತುರ್ತು ಸಂದರ್ಭವೂ ಹೀಗೆಯೇ. ವಿಮಾನದಿಂದ ತೊಂದರೆಯ ಕರೆ ಬಂದೊಡನೆ ನಿಯಂತ್ರಕರ ಗಮನವೆಲ್ಲ ಆ ಪೈಲಟ್ ಮೇಲಿರುತ್ತದೆ, ಇರಲೂಬೇಕು. ಅಗ್ನಿಶಾಮಕ ಠಾಣೆಗೆ ಗಂಟೆ ಒತ್ತಿ ಹಾಟ್‌ಲೈನ್ ಎತ್ತುವವರು ನಾವು. ಆ ಕಡೆಯವರು ಕೇಳುವ ಪ್ರಶ್ನೆಗಳು ಯಾವಾಗಲೂ ಅವೇ: ಒಳಗೆ ಎಷ್ಟು ಜನ, ಎಷ್ಟು ಹೊತ್ತಿನ ಇಂಧನ ಉಳಿದಿದೆ, ಅಪಾಯಕಾರಿ ಸರಕು ಇದೆಯೇ, ಯಾವ ರನ್‌ವೇ. ಇದಕ್ಕೆ ತಡವರಿಸದೆ ಉತ್ತರ ಕೊಡಬೇಕಾದರೆ, ಅವರು ಕೇಳುವ ಮೊದಲೇ ಕಾಗದದ ಮೇಲೆ ನಾಲ್ಕೂ ಇರಬೇಕು. ಆ ಗಂಟೆ ಕೆಲಸ ಮಾಡುತ್ತಿದೆಯೇ ಎಂದು ದಿನವೂ ಪರೀಕ್ಷಿಸಿ ಲಾಗ್ ಪುಸ್ತಕದಲ್ಲಿ ಬರೆಯುವುದು ನನ್ನ ಮಟ್ಟಿಗೆ ಪಾಳಿಯ ಅತ್ಯಂತ ಬೇಸರದ ಕೆಲಸ, ಆದರೆ ಒಂದು ದಿನವೂ ಬಿಟ್ಟಿಲ್ಲ.

ಲಾಗ್ ಪುಸ್ತಕದ ಸಮಯವೆಲ್ಲ ಅಂತಾರಾಷ್ಟ್ರೀಯ ಗಡಿಯಾರದ್ದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ಐದೂವರೆಗೆ ಲಾಗ್ ಪುಸ್ತಕದ ತಾರೀಕು ಬದಲಾಗುತ್ತದೆ. ರಾತ್ರಿ ಪಾಳಿಯಲ್ಲಿ ನಿದ್ದೆಗಣ್ಣಿನಲ್ಲಿ ನಿನ್ನೆಯ ತಾರೀಕು ಬರೆದು ಬೈಸಿಕೊಳ್ಳದವರು ಯಾರೂ ಇಲ್ಲ. ಪಾಳಿಗೆ ಇಷ್ಟೇ ಗಂಟೆ, ನಡುವೆ ಇಷ್ಟು ವಿಶ್ರಾಂತಿ ಎಂಬ ಮಿತಿ ನಿಯಮದಲ್ಲಿ ಇದೆ. ಆದರೂ ಹಬ್ಬದ ದಿನ ಮನೆಯಲ್ಲಿ ಇರುತ್ತೇನೆ ಎಂಬ ಖಾತ್ರಿ ಈ ಕೆಲಸದಲ್ಲಿ ಇಲ್ಲ ಎಂಬುದನ್ನು ತಂಗಿ ಈಗಲೇ ತಿಳಿದಿರುವುದು ಒಳ್ಳೆಯದು.

ಕುಮಟೆಯ ಗಣಿತ ಮೇಷ್ಟ್ರು

ಪರೀಕ್ಷೆಯ ವಿಚಾರವನ್ನು ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ನನ್ನ ಇಬ್ಬರು ವಿದ್ಯಾರ್ಥಿಗಳು ಈ ದಾರಿಯಲ್ಲಿ ಹೋಗಿದ್ದಾರೆ. ಭೌತಶಾಸ್ತ್ರ ಹಾಗೂ ಗಣಿತವಿರುವ ಬಿ.ಎಸ್ಸಿ. ಸಾಕು, ಎಂಜಿನಿಯರಿಂಗ್ ಪದವೀಧರರಿಗೂ ಅವಕಾಶವಿದೆ. ಸಾಮಾನ್ಯ ವರ್ಗದವರಿಗೆ ಗರಿಷ್ಠ ವಯಸ್ಸು 27. ಮೀಸಲಾತಿಯವರಿಗೆ ಸಡಿಲಿಕೆ ಇದೆ. ಕಂಪ್ಯೂಟರ್ ಮೂಲಕ ನಡೆಯುವ ಲಿಖಿತ ಪರೀಕ್ಷೆಯಲ್ಲಿ ಇಂಗ್ಲಿಷ್, ಸಾಮಾನ್ಯ ಜ್ಞಾನ, ತಾರ್ಕಿಕ ಸಾಮರ್ಥ್ಯದ ಜೊತೆ ಭೌತಶಾಸ್ತ್ರ, ಗಣಿತ ಇರುತ್ತವೆ. ಅದರಲ್ಲಿ ಪಾಸಾದವರಿಗೆ ಧ್ವನಿ ಪರೀಕ್ಷೆ, ಮಾದಕ ವಸ್ತು ಸೇವನೆಯ ಪರೀಕ್ಷೆ, ಮನೋವೈಜ್ಞಾನಿಕ ಮೌಲ್ಯಮಾಪನ ಹಾಗೂ ವೈದ್ಯಕೀಯ ತಪಾಸಣೆ. ಬಣ್ಣ ಗುರುತಿಸುವ ಶಕ್ತಿಯನ್ನೂ ನೋಡುತ್ತಾರೆ. ರೇಡಿಯೊ ಕೆಟ್ಟ ವಿಮಾನಕ್ಕೆ ಟವರ್‌ನಿಂದ ಹಸಿರು, ಕೆಂಪು, ಬಿಳಿ ದೀಪ ತೋರಿಸಿಯೇ ಇಳಿಸಬೇಕಾಗುವುದರಿಂದ ಅದು ಬರೀ ಔಪಚಾರಿಕತೆಯಲ್ಲ. ಆಯ್ಕೆಯಾದವರಿಗೆ ಪ್ರಯಾಗರಾಜ್ ಮೊದಲಾದ ಕಡೆ ಪ್ರಾಧಿಕಾರದ ತರಬೇತಿ ಕೇಂದ್ರಗಳಿವೆ. ಅಲ್ಲಿಂದ ನಿಲ್ದಾಣಕ್ಕೆ ಬಂದ ಮೇಲೂ, ಆ ನಿಲ್ದಾಣದ ಆ ಕುರ್ಚಿಗೆ ಪ್ರತ್ಯೇಕವಾಗಿ ಅರ್ಹತೆ ಪಡೆಯಬೇಕು. ಒಂದು ಊರಿನ ಅರ್ಹತೆ ಇನ್ನೊಂದು ಊರಿನಲ್ಲಿ ನಡೆಯುವುದಿಲ್ಲ.

ಊರ ಹತ್ತಿರದ ಕೆಲಸದ ಆಸೆ ಸಹಜ, ಆದರೆ ಅದನ್ನು ನಂಬಿ ಹೆಜ್ಜೆ ಇಡಬಾರದು. ಇದು ಅಖಿಲ ಭಾರತ ಮಟ್ಟದ ಸೇವೆ, ಎಲ್ಲಿಗೆ ಬೇಕಾದರೂ ಹಾಕಬಹುದು. ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ ಯೋಜಿಸಿರುವುದು ನೌಕಾಪಡೆಯ ವಾಯುನೆಲೆ ಮತ್ತು ಅದರ ಜೊತೆ ನಾಗರಿಕ ವಿಮಾನಗಳಿಗೆ ಸೌಲಭ್ಯ. ಗೋವಾದ ದಾಬೋಲಿಯಲ್ಲಿ ಇರುವ ವ್ಯವಸ್ಥೆಯೇ ಇಲ್ಲೂ ಬಂದರೆ ಟವರ್ ನೌಕಾಪಡೆಯ ಕೈಯಲ್ಲಿರುತ್ತದೆ. ನೌಕಾಪಡೆಯಲ್ಲೂ ವಾಯು ಸಂಚಾರ ನಿಯಂತ್ರಣದ ಅಧಿಕಾರಿಗಳಿದ್ದಾರೆ, ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಅದರ ಅರ್ಹತೆ ಬೇರೆ, ದಾರಿಯೂ ಬೇರೆ. ಇನ್ನೊಂದು ಗೊಂದಲವೂ ಕೆಲವರಲ್ಲಿ ಇದೆ: ಮಂಗಳೂರು ನಿಲ್ದಾಣ 2020ರಲ್ಲಿ ಖಾಸಗಿ ನಿರ್ವಹಣೆಗೆ ಹೋದಾಗ ಟವರ್ ಕೂಡ ಹೋಯಿತು ಎಂದುಕೊಂಡಿದ್ದಾರೆ. ಹಾಗಿಲ್ಲ, ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಬಳಿಯೇ ಇದೆ.

ಬೈತಖೋಲದವಳು

ಹಿರಿಯರಿಗೆ, ಅಕ್ಕನಿಗೆ, ಮೇಷ್ಟ್ರಿಗೆ ಅನಂತ ವಂದನೆಗಳು. ಹಿರಿಯರು ಬರೆದ ಶಿಳ್ಳೆಯ ಪ್ರಸಂಗವನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಕೇಳಿಸಿಕೊಳ್ಳುವವನಿಗೂ ಸಂಬಳ ಕೊಡಲೇಬೇಕು’ ಎಂದರು. ಧ್ವನಿ ಪರೀಕ್ಷೆ ಎಂದಾಗ ಮಾತ್ರ ಎದೆ ಝಲ್ ಎಂದಿತು. ನಾನು ತೊದಲುವುದಿಲ್ಲ, ಆದರೆ ಇಂಗ್ಲಿಷ್ ಎಂದ ಕೂಡಲೇ ಅವಸರದಲ್ಲಿ ಮಾತನಾಡಿ ಪದಗಳನ್ನು ನುಂಗುತ್ತೇನೆ, ಉಚ್ಚಾರಣೆ ಕೇಳಿ ಕಾಲೇಜಿನಲ್ಲಿ ನಕ್ಕವರಿದ್ದಾರೆ. ಇದಕ್ಕೆ ಏನಾದರೂ ಅಭ್ಯಾಸವಿದೆಯೇ?

ಸಿದ್ದಾಪುರದ ತೋಟದಿಂದ

ನಕ್ಕವರನ್ನು ಬಿಡು. ರೇಡಿಯೊ ಭಾಷೆಯಲ್ಲಿ ಮೂರನ್ನು ‘ಟ್ರೀ’ ಎಂದೂ, ಐದನ್ನು ‘ಫೈಫ್’ ಎಂದೂ, ಒಂಬತ್ತನ್ನು ‘ನೈನರ್’ ಎಂದೂ, ಸಾವಿರವನ್ನು ‘ಟೌಸಂಡ್’ ಎಂದೂ ಹೇಳಬೇಕೆಂದು ಅಂತಾರಾಷ್ಟ್ರೀಯ ನಿಯಮವೇ ಇದೆ, ಗಲಾಟೆಯ ನಡುವೆ ಸ್ಪಷ್ಟವಾಗಿ ಕೇಳಿಸಲಿ ಎಂದು. ಊರಿನಲ್ಲಿ ನಗೆಪಾಟಲಾಗುವ ಉಚ್ಚಾರಣೆ ಟವರ್‌ನಲ್ಲಿ ಶಾಸ್ತ್ರೋಕ್ತ. ಅವರು ನೋಡುವುದು ಶೈಲಿಯನ್ನಲ್ಲ. ಸ್ಪಷ್ಟತೆ, ಒಂದೇ ಲಯ, ಮತ್ತು ಕೇಳಿದ್ದನ್ನು ಹಾಗೆಯೇ ತಿರುಗಿಸಿ ಹೇಳುವ ಶಿಸ್ತು.

ಅಭ್ಯಾಸ ಬೇಕೆಂದರೆ ಒಂದನ್ನು ಮಾಡು. ಅಪ್ಪ ನಾಲ್ಕಂಕಿಯ ಸಂಖ್ಯೆಗಳನ್ನು ಒಂದರ ಹಿಂದೊಂದು ಹೇಳಲಿ. ನೀನು ಬರೆಯುತ್ತಾ, ಬರೆದದ್ದನ್ನು ಅಂಕಿ ಅಂಕಿಯಾಗಿ ಗಟ್ಟಿಯಾಗಿ ಓದಿ ಹೇಳು; ಅವರು ಸರಿ ಎಂದ ಮೇಲಷ್ಟೇ ಮುಂದಿನದು. ಅವರು ಬೇಕೆಂದೇ ನಡುವೆ ಒಂದು ಸಲ, ಸರಿ ಎನ್ನುತ್ತಾ ಒಂದು ಅಂಕಿಯನ್ನು ತಪ್ಪಾಗಿ ಹೇಳಲಿ, ನೀನು ಅದನ್ನು ಹಿಡಿಯಬೇಕು.

ಬೈತಖೋಲದವಳು

ನಿನ್ನೆ ರಾತ್ರಿ ಮಾಡಿದೆವು. ಅಪ್ಪ ಇಪ್ಪತ್ತು ಸಂಖ್ಯೆ ಹೇಳಿದರು. ಅವರು ಬೇಕೆಂದು ಮಾಡಿದ ತಪ್ಪನ್ನು ಹಿಡಿದೆ, ಆದರೆ ಹನ್ನೊಂದನೆಯದರಲ್ಲಿ ನಾನೇ ತಪ್ಪಿದೆ. ಅದೇ ಹೊತ್ತಿಗೆ ಅಮ್ಮ ಒಳಗಿನಿಂದ ಊಟಕ್ಕೆ ಕರೆದರು. ಮುಂದಿನ ಸಲ ಅಮ್ಮನಿಗೆ ಸುಮ್ಮನಿರಲು ಹೇಳುತ್ತೇನೆ.

ಸಿದ್ದಾಪುರದ ತೋಟದಿಂದ

ಬೇಡ ತಂಗಿ. ಅಮ್ಮ ಕರೆಯುತ್ತಲೇ ಇರಲಿ. ಟವರ್‌ನಲ್ಲಿ ಐದು ಫೋನುಗಳಿರುತ್ತವೆ.